ಮೊಮ್ಮಗಳ ಗಿಟಾರೂ ನನ್ನ ಹುಣಸೆಹುಳಿಯೂ

ನನ್ನ ಮೊಮ್ಮಗಳು ಗಿಟಾರ್ ನುಡಿಸುವುದನ್ನು ಕಂಡವರು ಮಂಗಲ್ಪಾಡಿಯಲ್ಲಿ ಹೆಚ್ಚಿಲ್ಲ. ಬಿಚ್ಚುವುದನ್ನು ಕಾಣದವರು ಮಾತ್ರ ಯಾರೂ ಇಲ್ಲ! ಜಗಲಿಯಲ್ಲಿ ಪೇಪರ್ ಹಾಸಿ, ಸ್ಕ್ರೂಡ್ರೈವರ್ ಹಿಡಿದು ಕೂತಳೆಂದರೆ ಹಾಲಿನವನೂ ಕರೆಂಟ್ ಬಿಲ್ಲಿನವನೂ ಅವಳ ಸ್ಕ್ರೂಗಳನ್ನು ದಾಟಿಕೊಂಡೇ ಒಳಗೆ ಬರಬೇಕು.

ಅದು ಕರೆಂಟಿನ ಗಿಟಾರು. ಹೊಟ್ಟೆ ಪೊಳ್ಳಿಲ್ಲ, ಇಡೀ ಮರದ ಹಲಗೆ. ತಂತಿಗಳು ಕೂರುವುದಕ್ಕೆ ಅದರ ಮೇಲೆ ಆರು ಸಣ್ಣ ಲೋಹದ ತುಂಡುಗಳು. ಆ ಲೋಹ ಬದಲಾದರೆ ನಾದವೂ ಬದಲಾಗುತ್ತದೆ ಎಂದು ಇವಳ ಹಠ. ದೇವರೇ, ಆ ಹಠದಿಂದ ನಾನು ಪಟ್ಟ ಪಾಡು!

ಮೊದಲು ಚಮಚ ಹಿಡಿದು ನನ್ನ ಅಡುಗೆಮನೆಗೆ ನುಗ್ಗಿದಳು. ಚೆಂಬಿಗೊಂದು ಏಟು, ದೋಸೆ ಕಾವಲಿಗೊಂದು ಏಟು, ಆಮೇಲೆ ಅದಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚುವುದು! ಅಲ್ಲಿಗೆ ಮುಗಿಯಿತೇ? ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಕಂಬಿಗೆ ನಾಣ್ಯದಿಂದ ಟಣ್ ಎಂದು ಬಡಿದಳು. ಡ್ರೈವರ್ ಬಸ್ಸು ನಿಲ್ಲಿಸಿಯೇ ಬಿಟ್ಟ.

"ಯಾರು ಇಳಿಯುದು?" ಕಂಡಕ್ಟರ್ ಕೂಗಿದ.

"ಯಾರೂ ಇಲ್ಲ. ಅಣ್ಣಾ, ಈ ಕಂಬಿ ಎಂತದ್ದು, ಸ್ಟೀಲಾ?"

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು, ಇವಳು ಯಾರ ಮನೆಯವಳೋ ಎಂಬಂತೆ ಕಿಟಕಿಯಾಚೆ ನೋಡಿದೆ.

ಮನೆಯಲ್ಲಿ ಪರೀಕ್ಷೆಗೆ ಸಿಗುವುದು ಯಾರು? ನಾನೇ! ನನ್ನ ಕಿವಿ ಈಚೆಗೆ ಸ್ವಲ್ಪ ಸೋಮಾರಿಯಾಗಿದೆ. ಆದರೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಗಿಟಾರಿನ ಮರದ ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಒಂದು ತಂತಿ ಮೀಟುವಳು.

"ಎಂತ ಆಯ್ತು ಅಜ್ಜಿ?"

"ಸೊಳ್ಳೆ ಬಂತು, ಹೋಯ್ತು."

ಮುಗಿಯಿತು! ಮರುದಿನವೇ ಹಳೆಯ ತುಂಡುಗಳು ಪೇಪರಿನ ಮೇಲೆ. ಒಂದು ವಾರದಲ್ಲಿ ಪಾರ್ಸೆಲ್ ಬಂತು, ಈ ಸಲ ಸ್ಟೀಲು. ಮತ್ತೆ ಕುರ್ಚಿ, ಮತ್ತೆ ಎಲುಬು.

"ಈಗ?"

"ಹಲ್ಲಿಗೆ ಯಾರೋ ಕುಟ್ಟಿದ ಹಾಗಾಯ್ತು ಮಾರಾಯ್ತಿ!"

ಅದೂ ಕಳಚಿತು. ನನ್ನ ಮಗ, ಅಂದರೆ ಅವಳ ಅಪ್ಪ, "ಅಮ್ಮ, ನನಗೆ ಎರಡೂ ಒಂದೇ ಕೇಳುದು" ಎಂದ. ಅವಳ ಜೊತೆ ಡ್ರಮ್ ಬಾರಿಸುವ ಹುಡುಗಿಯೂ ಅದನ್ನೇ ಹೇಳಿದಳು. ಹಾಗಾದರೆ ಈ ಹುಚ್ಚನ್ನು ಇವಳ ತಲೆಗೆ ತುಂಬಿದ ಪುಣ್ಯಾತ್ಮರು ಯಾರು? ಅವರು ಕೈಗೆ ಸಿಕ್ಕಿದರೆ ಆ ಕಾವಲಿಯ ನಾದ ನಾನೇ ಕೇಳಿಸುತ್ತಿದ್ದೆ!

ಈ ನಡುವೆ ಪಂಚಾಯತಿನ ವಯೋಜನ ಸಂಗಮ ಬಂತು. ಅಂದರೆ ನಮ್ಮಂಥ ಮುದುಕ ಮುದುಕಿಯರಿಗೆ ಬಿ.ಪಿ. ಪರೀಕ್ಷೆ, ಊಟ, ಆಮೇಲೆ ಮನರಂಜನೆ. ಮನರಂಜನೆಗೆ ನನ್ನ ಮೊಮ್ಮಗಳ ಗಿಟಾರು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಹೇಳಿದೆ, ಮೀನಿನವಳಿಗೆ ಹೇಳಿದೆ, ಗುರುತಿಲ್ಲದವರಿಗೂ ಹೇಳಿದೆ. ಹೇಳಿದಷ್ಟೂ ಹೆದರಿಕೆ. ಆ ದಿನ ಗಿಟಾರು ಇಡೀ ಇರುತ್ತದೋ, ಪೇಪರಿನ ಮೇಲಿರುತ್ತದೋ?

ಪೇಪರಿನ ಮೇಲೆಯೇ ಇತ್ತು! ಸ್ಟೀಲಿನ ಬದಲಿಗೆ ತರಿಸಿದ ಹೊಸ ಹಿತ್ತಾಳೆ ತುಂಡುಗಳನ್ನು ಬೆಳಿಗ್ಗೆ ಇನ್ನೊಮ್ಮೆ ಉಜ್ಜಲೆಂದು ತೆಗೆದಿಟ್ಟು, ಸ್ನಾನಕ್ಕೆ ಹೋಗಿದ್ದಳು. ನೋಡಿದೆ: ಬೆರಳಿನ ಗುರುತು ಮೂಡಿ ಕಪ್ಪಾಗಿವೆ. ಅಷ್ಟು ಜನರ ಎದುರು ಹೋಗುವ ಹಿತ್ತಾಳೆ ಹೀಗಿದ್ದರೆ ಮನೆಯವರ ಮರ್ಯಾದೆ ಏನಾಗಬೇಕು? ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದೆ. ಆಹಾ, ಬಂಗಾರ! ಬಟ್ಟೆಯಲ್ಲಿ ಒರೆಸಿ ಬಟ್ಟಲಿಗೆ ಹಾಕಿ, ಹೊಗಳಿಕೆಗೆ ಕಾದು ಕೂತೆ.

"ಅಜ್ಜೀ! ಇದರಲ್ಲಿ ಯಾವುದು ಯಾವ ತಂತಿದ್ದು?"

ಒಂದೊಂದು ತುಂಡಿಗೂ ಅದರ ತಂತಿಯ ದಪ್ಪಕ್ಕೆ ತಕ್ಕ ಗೆರೆ ಕೊರೆದಿದ್ದಳಂತೆ. ಸಾಲಾಗಿ ಇಟ್ಟದ್ದು ಅದಕ್ಕಂತೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬಟ್ಟಲು ಎತ್ತಿಕೊಂಡು, "ಹಿತ್ತಾಳೆ ಹೊಳೀತದೆ ಅಜ್ಜಿ" ಎಂದಳು. ಗಲ್ಲದ ಮೇಲೆ ನೀರಿತ್ತು, ಸ್ನಾನದ್ದೋ ಕಣ್ಣಿನದ್ದೋ!

ಅಷ್ಟರಲ್ಲಿ ಡ್ರಮ್ಮಿನ ಹುಡುಗಿ ರಿಕ್ಷಾ ತಂದಳು. ಗಿಟಾರು ಮೊಮ್ಮಗಳ ಮಡಿಲಲ್ಲಿ, ಬಟ್ಟಲು ನನ್ನ ಮಡಿಲಲ್ಲಿ. ಒಂದೊಂದೇ ತುಂಡು ತೆಗೆದು ತಂತಿಗೆ ಹಿಡಿದು ನೋಡುವಳು. ಕೂರಲಿಲ್ಲವೋ, ಬಟ್ಟಲಿಗೆ ವಾಪಸು. ಪ್ರತಿ ಗುಂಡಿಯಲ್ಲೂ ಬಟ್ಟಲಿನ ಜೊತೆ ನನ್ನ ಜೀವವೂ ಹಾರುತ್ತಿತ್ತು. ರಿಕ್ಷಾದ ಗಲಾಟೆಗೆ ಅವರಿಬ್ಬರೂ ಕಿರುಚಿ ಮಾತಾಡುತ್ತಿದ್ದುದರಿಂದ ನನಗೂ ಕೇಳಿತು.

"ಆ ಸ್ಟೀಲನ್ನೇ ಹಾಕು ಮಾರಾಯ್ತಿ! ಅಲ್ಲಿ ಯಾರಿಗೆ ಗೊತ್ತಾಗ್ತದೆ?"

"ಅಜ್ಜಿಗೆ ಗೊತ್ತಾಗ್ತದೆ! ಸ್ಟೀಲು ಅವರಿಗೆ ಹಲ್ಲಿಗೆ ಕುಟ್ಟುದು ಮಾತ್ರ. ಮೊದಲಿನದ್ದು ಕೇಳುವ ಮುಂಚೆಯೇ ನಿಲ್ತಿತ್ತು. ನಾನು ಬಾರಿಸುದು ಅಜ್ಜಿಗೇ ಕೇಳದಿದ್ರೆ ಎಂತಕ್ಕೆ ಮತ್ತೆ?"

ನಾನು ಬಟ್ಟಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ನಾನು ಹುಡುಕುತ್ತಿದ್ದ ಆ ಪುಣ್ಯಾತ್ಮರು ರಿಕ್ಷಾದಲ್ಲೇ, ಬಟ್ಟಲು ಹಿಡಿದು ಕೂತಿದ್ದರು.

ಪಂಚಾಯತ್ ಹಾಲಿನಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಗಿಟಾರಿನ ಆರೂ ತಂತಿಗಳು ಅವುಗಳ ಜಾಗದಲ್ಲಿದ್ದವು. ವೇದಿಕೆ ಹತ್ತುವ ಮೊದಲು ಅವಳು ನೇರ ನನ್ನ ಬಳಿಗೆ ಬಂದಳು. ಅಷ್ಟು ಜನರ ಎದುರೇ ಮರದ ತುದಿಯನ್ನು ನನ್ನ ಕಿವಿಯ ಹಿಂದೆ ಒತ್ತಿ, ದಪ್ಪದ ತಂತಿ ಮೀಟಿದಳು.

"ಎಂತ ಆಯ್ತು ಅಜ್ಜಿ?"

ಗಿಟಾರು ತೆಗೆಯಹೊರಟ ಅವಳ ಕೈ ಹಿಡಿದು ನಿಲ್ಲಿಸಿದೆ.

"ತಡಿ ಮಗಾ, ಇನ್ನೂ ಉಂಟು."