ಟಿನೇಕೆಗೆ ಜನ ಅಂದರೆ ಭಯ

ಬೆಳಿಗ್ಗೆ ಎದ್ದು ಪರದೆ ಸರಿಸಿದ ಗೆರ್ಬೆನ್‌ಗೆ, ಮನೆಮುಂದಿನ ಹೂವಿನ ಪಾತಿಯ ನಡುವೆ ಗಡ್ಡದ ಮುದುಕನೊಬ್ಬ ಕುರ್ಚಿ ಹಾಕಿಕೊಂಡು ಕುಳಿತಿರುವುದು ಕಂಡಿತು. ಮುದುಕನ ಕೊರಳಲ್ಲಿ ಒಂದು ರಟ್ಟು ತೂಗುತ್ತಿತ್ತು: ‘ಗೆರ್ಬೆನ್‌ಗೆ ಐವತ್ತು! ಹಾರ್ನ್ ಹೊಡೆದು ಹೋಗಿ!’

ಮುದುಕ ನಿಜವಾದ ಮನುಷ್ಯನಲ್ಲ, ಅಬ್ರಹಾಮನ ಗೊಂಬೆ; ಐವತ್ತು ತುಂಬಿದವನು ಬೈಬಲಿನ ಅಬ್ರಹಾಮನನ್ನು ಕಂಡ ಹಾಗೆ ಎಂಬುದು ಇಲ್ಲಿಯ ಮಾತು. ಐವತ್ತು ತುಂಬಿದ ಗಂಡಸಿನ ಅಂಗಳದಲ್ಲಿ ಹುಲ್ಲು ತುಂಬಿದ ಅಬ್ರಹಾಮನನ್ನು ಕದ್ದುಮುಚ್ಚಿ ತಂದು ಕೂರಿಸುವುದು ನಮ್ಮ ಜ್ವೊಲ್ಲೆ ಊರಿನಲ್ಲಿ ನೆರೆಯವರ ಹಕ್ಕು. ಅಬ್ರಹಾಮ ಬಂದನೆಂದರೆ ಅವನ ಹಿಂದೆ ನೆರೆಯವರೂ ಬರುತ್ತಾರೆ. ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುತ್ತಾರೆ. ಒಬ್ಬೊಬ್ಬರೂ ಎಲ್ಲರ ಕೈಕುಲುಕಿ, ಹುಟ್ಟುಹಬ್ಬದವನಿಗಷ್ಟೇ ಅಲ್ಲದೆ ಅವನ ಹೆಂಡತಿಗೆ, ಎಡಮನೆಗೆ, ಬಲಮನೆಗೆ, ಎಲ್ಲರಿಗೂ ಅಭಿನಂದನೆ ಹೇಳಬೇಕು. ಗೆರ್ಬೆನ್ ಬೆವರಿದ್ದು ಗೊಂಬೆಯನ್ನು ನೋಡಿ ಅಲ್ಲ, ಆ ದುಂಡನೆಯ ಸಾಲನ್ನು ನೆನೆದು.

ಗೆರ್ಬೆನ್‌ಗೆ ಜನ ಎಂದರೆ ಭಯ. ಫೋನ್ ಬಡಿದುಕೊಂಡರೆ ಸ್ನಾನದ ಮನೆ ಸೇರುವವನು. ಬ್ರೆಡ್ ಅಂಗಡಿಯಲ್ಲಿ ಕೇಳಿದ್ದು ಬಿಟ್ಟು ಬೇರೆ ಕೊಟ್ಟರೂ ಥ್ಯಾಂಕ್ಸ್ ಹೇಳಿ ತಂದು ತಿನ್ನುವವನು. ಗಂಡಸಾಗಿ ಇದನ್ನು ಹೇಳಿಕೊಳ್ಳುವುದಾದರೂ ಹೇಗೆ? ಈ ಬೀದಿಗೆ ಬಂದ ಹೊಸದರಲ್ಲಿ ಎದುರು ಮನೆಯ ಕೊರ್ರಿ ಕಾಫಿಗೆ ಕರೆದಾಗ ಅವನ ಬಾಯಿಂದ, ಹೆಂಡತಿಯ ಮೇಲೆ ಹಾಕಿದ ಒಂದು ಮಾತು ಜಾರಿತು: “ನಂದೇನೂ ಅಭ್ಯಂತರ ಇಲ್ಲ ಕೊರ್ರಿ. ಟಿನೇಕೆಗೆ ಜನ ಅಂದ್ರೆ ಭಯ.” ಆಮೇಲೊಂದು ದಿನ ಪತ್ರಿಕೆಯ ಆರೋಗ್ಯ ಪುಟದಲ್ಲಿ, ಇಂಥ ಭಯ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಎಂದು ಓದಿದ ಮೇಲಂತೂ ಆ ಸುಳ್ಳಿಗೆ ಡಾಕ್ಟರ ಚೀಟಿಯೇ ಸಿಕ್ಕ ಹಾಗಾಯಿತು. ಮದುವೆಗೆ ಕರೆದರೂ ಟಿನೇಕೆಗೆ ಭಯ, ಬೀದಿಹಬ್ಬಕ್ಕೆ ಕರೆದರೂ ಟಿನೇಕೆಗೆ ಭಯ.

ಟಿನೇಕೆಗೆ ಇದೇನಾದರೂ ತಿಳಿದರೆ ತನ್ನ ಕತೆ ಮುಗಿದಂತೆ ಎಂದು ಗೆರ್ಬೆನ್‌ಗೆ ಗೊತ್ತಿತ್ತು. ಏಕೆಂದರೆ ಆಕೆ ಕಾಂಪೆನ್ ಊರಿನ ಸಂತೆಯಲ್ಲಿ ಮೀನು ಮಾರುವವಳು. ಅವಳು ‘ತಾಜಾ ಹೆರಿಂಗ್!’ ಎಂದು ಕೂಗಿದರೆ ನದಿಯಾಚೆ ಮೇಯುವ ಹಸು ತಲೆಯೆತ್ತಿ ನೋಡುತ್ತದೆ. ಅವಳಿಗೆ ಗೆರ್ಬೆನ್ ಹೇಳಿಟ್ಟದ್ದು ಬೇರೆ: “ಈ ಬೀದಿಯೋರು ಯಾರ ಜೊತೇಲೂ ಬೆರೆಯೋರಲ್ಲ ಕಣೇ. ನಮ್ಮ ಪಾಡಿಗೆ ನಾವಿರೋಣ.” ನಸುಕಿನಲ್ಲಿ ಹಿಂದಿನ ಓಣಿಯಿಂದ ವ್ಯಾನ್ ತೆಗೆದುಕೊಂಡು ಹೋಗಿ ಸಂಜೆ ಅದೇ ಓಣಿಯಿಂದ ಬರುವ ಟಿನೇಕೆ, ಅದಕ್ಕೂ ಹೂಂ ಎಂದಿದ್ದಳು. ಇವತ್ತೂ ಹಾಗೆಯೇ ಹೋಗಿದ್ದಳು.

ಮೊದಲ ಕಾರು ಹಾರ್ನ್ ಹೊಡೆಯಿತು. ಗೆರ್ಬೆನ್ ರಾತ್ರಿಯ ಪೈಜಾಮದಲ್ಲೇ ಓಡಿಹೋಗಿ ಅಬ್ರಹಾಮನನ್ನು ತಬ್ಬಿ ಎತ್ತಿದ. ಹಿತ್ತಿಲ ಶೆಡ್ಡಿನಲ್ಲಿ ತುರುಕಿಬಿಟ್ಟರೆ ಬೀದಿಗೆ ಸುದ್ದಿ ಹಬ್ಬುವ ಮೊದಲೇ ಎಲ್ಲ ತಣ್ಣಗಾದೀತು ಎಂಬ ಆಸೆ.

“ಎಲ್ಲಿಗಪ್ಪಾ ಮೆರವಣಿಗೆ?”

ಕೊರ್ರಿ. ಬೇಲಿಯ ಮೇಲೆ ಎರಡೂ ಮೊಣಕೈ ಊರಿ ನಿಂತಿದ್ದಳು.

“ಅದು... ಟಿನೇಕೆ, ಕೊರ್ರಿ. ಅಂಗಳದಲ್ಲಿ ಯಾರೋ ಕೂತಿದಾರೆ ಅಂತ ಹೆದರ್ಕೊಂಡುಬಿಟ್ಟಿದಾಳೆ.”

“ಅಯ್ಯೋ ಪಾಪ! ಮನೇಲೇ ಇದಾಳಾ?”

ಇಲ್ಲವೆಂದರೆ ‘ಬಂದಮೇಲೇ ಬರ್ತೀವಿ’ ಎನ್ನುತ್ತಾಳೆ. ಆಗ ಟಿನೇಕೆಯೂ ಇರುತ್ತಾಳೆ, ನೆರೆಯವರೂ ಇರುತ್ತಾರೆ, ಸುಳ್ಳೂ ನಡುವೆ ಕೂತಿರುತ್ತದೆ. ಗೆರ್ಬೆನ್ ಗೊಂಬೆಯ ಗಡ್ಡದ ಹಿಂದಿನಿಂದ ಹೇಳಿದ: “ಇದಾಳೆ. ಮಹಡಿ ಮೇಲೆ ಮಲಗಿದಾಳೆ. ತಲೆನೋವು.”

“ನೋಡು, ಹೀಗೆ ಮುಚ್ಚಿಟ್ಟು ಮುಚ್ಚಿಟ್ಟೇ ನೀನು ಅವಳ ಕಾಯಿಲೆ ಬೆಳೆಸಿರೋದು. ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸ್ಬೇಕು. ಮೂರು ಗಂಟೆಗೆ ಬರ್ತೀವಿ, ಒಂದೆಂಟು ಜನ. ಪಿಸುಮಾತಲ್ಲೇ ಮಾತಾಡ್ತೀವಿ. ಅವಳು ಕೆಳಗಿಳಿದು ಬರೋದೂ ಬೇಡ, ಸದ್ದು ಕೇಳಿಸ್ಕೊಂಡ್ರೆ ಸಾಕು.”

“ಬೇಡ ಕೊರ್ರಿ, ಕೇಕೂ ತಂದಿಲ್ಲ...”

“ಅದಕ್ಕೇ ನಮ್ಮ ಬೌಕೆ ಇದಾನಲ್ಲ. ಆಗಲೇ ಹೋಗಿ ತಂದಿದಾನೆ.”

ಬೌಕೆ ಕೊರ್ರಿಯ ಗಂಡ. ಇಡೀ ಬೀದಿಯಲ್ಲಿ ಗೆರ್ಬೆನ್ ಹೊಟ್ಟೆಕಿಚ್ಚು ಪಡುತ್ತಿದ್ದದ್ದು ಅವನೊಬ್ಬನನ್ನು ನೋಡಿ. ಬೀದಿಹಬ್ಬದಲ್ಲಿ ಭಾಷಣ ಮಾಡುವವನು ಬೌಕೆ, ಪುರಸಭೆಗೆ ಫೋನ್ ಹಚ್ಚುವವನು ಬೌಕೆ, ಮನೆಮನೆಗೆ ಹೋಗಿ ಬೆಲ್ ಒತ್ತುವವನೂ ಅವನೇ. ಗಂಡಸು ಅಂದರೆ ಹೀಗಿರಬೇಕು ಎಂದು ಗೆರ್ಬೆನ್ ಪರದೆಯ ಸಂದಿಯಿಂದ ಎಷ್ಟೋ ಸಲ ಅವನನ್ನು ನೋಡಿದ್ದ.

ಮೂರಕ್ಕೆ ಬಂದರೆ ನಾಲ್ಕಕ್ಕೆ ಹೋಗುತ್ತಾರೆ, ಟಿನೇಕೆ ಬರುವುದು ಐದಕ್ಕೆ ಎಂದು ಗೆರ್ಬೆನ್, ಗೊಂಬೆಯನ್ನು ಮತ್ತೆ ಕುರ್ಚಿಯ ಮೇಲೆ ಕೂರಿಸುತ್ತ, ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮನಸ್ಸು ಒಪ್ಪಲಿಲ್ಲ. ಮಧ್ಯಾಹ್ನದವರೆಗೂ ಅವನು ಕಪ್ಪುಗಳನ್ನು ತೊಳೆದ, ಒರೆಸಿದ, ಮತ್ತೆ ತೊಳೆದ. ಹೊರಗೆ ಒಂದೊಂದು ಹಾರ್ನ್ ಕೂಗಿದಾಗಲೂ ಕೈಯಲ್ಲಿದ್ದ ಕಪ್ಪು ಅವನಿಗಿಂತ ಮೊದಲೇ ನಡುಗಿತು.

ಬಂದರು. ತಮ್ಮ ತಮ್ಮ ಮಡಚುವ ಕುರ್ಚಿ ಹಿಡಿದು, ಬೂಟುಗಳನ್ನು ಹೊರಗೇ ಬಿಟ್ಟು, ಕಾಲುಚೀಲದಲ್ಲಿ ತುದಿಗಾಲಿನ ಮೇಲೆ ಬಂದರು. ಕೊರ್ರಿ, ಬೌಕೆ, ಪಕ್ಕದ ಮನೆಯ ವಿಧವೆ ಮುದುಕಿ ಫ್ರೌಕ್ಯೆ, ಜೊತೆಗೆ ಇನ್ನೈದು ಜನ. ಕುರ್ಚಿಗಳು ದುಂಡಗಾದವು. “ಅಭಿನಂದನೆ” ಎಂದು ಒಬ್ಬರು ಪಿಸುಗುಟ್ಟಿದರೆ “ನಿಮಗೂ ಅಭಿನಂದನೆ” ಎಂದು ಇನ್ನೊಬ್ಬರು ಪಿಸುಗುಟ್ಟಿದರು. ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿತ್ತು.

ಎಂಟು ಜೊತೆ ಕಣ್ಣು ಒಟ್ಟಿಗೆ ಗೆರ್ಬೆನ್‌ನ ಮೇಲೆ ಬಿದ್ದವು. ಕಾಫಿ ಕೊಡುವಾಗ ಬಸಿಯೂ ಕಪ್ಪೂ ಹಲ್ಲು ಕಡಿದಂತೆ ಕಟಕಟ ಎಂದವು.

“ಹೇಗಿದಾಳೆ?” ಎಂದಳು ಫ್ರೌಕ್ಯೆ, ಮೇಲ್ಛಾವಣಿಯತ್ತ ಕಣ್ಣು ತಿರುಗಿಸಿ.

“ಇ... ಇದಾಳೆ.”

“ಕೈ ನಡುಗುತ್ತಾ?”

“ಹೂಂ.”

“ಬೆವರ್ತಾಳಾ?”

“ತುಂಬಾ,” ಎಂದ ಗೆರ್ಬೆನ್, ಹಣೆ ಒರೆಸಿಕೊಳ್ಳುತ್ತ. ಯಾರೂ ನಗಲಿಲ್ಲ. ಬೌಕೆ ಮಾತ್ರ ತನ್ನ ಕಾಫಿಯನ್ನು ಬಹಳ ಹೊತ್ತು ಕಲಕಿದ.

ಇದ್ದಕ್ಕಿದ್ದಂತೆ ಕೊರ್ರಿ ಎದ್ದಳು. ಒಂದು ತುಂಡು ಕೇಕ್ ತಟ್ಟೆಗೆ ಹಾಕಿಕೊಂಡು, “ನಾನು ಹೋಗಿ ಒಂದು ಮಾತಾಡಿಸ್ಕೊಂಡ್ ಬರ್ತೀನಿ,” ಎಂದವಳೇ ಮೆಟ್ಟಿಲತ್ತ ನಡೆದಳು.

“ಬೇಡ!” ಗೆರ್ಬೆನ್ ಎದ್ದೇಬಿಟ್ಟ. “ಅವಳು ಬಾಗಿಲು ತೆಗೆಯಲ್ಲ!”

“ತೆಗೀದಿದ್ರೆ ಬೇಡ. ಹೊರಗಿಂದಲೇ ಮಾತಾಡ್ತೀನಿ. ನೀನು ಕೂತ್ಕೋ, ನಿನ್ನ ಹುಟ್ಟುಹಬ್ಬ.”

ಅವಳು ಹತ್ತಿದಳು. ಮೇಲೆ ಮಲಗುವ ಕೋಣೆಯ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ ಸದ್ದು. “ಟಿನೇಕೆ, ಮಗಳೇ, ನಾನು ಕೊರ್ರಿ...” ಎಂದದ್ದು ಕೇಳಿಸಿತು, ಮುಂದಿನದು ಗುಣುಗುಣು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಖಾಲಿ ಮಂಚ, ಅದರ ಮೇಲೆ ಅವನದೇ ಪೈಜಾಮ. ಗೆರ್ಬೆನ್ ಕಣ್ಣು ಮುಚ್ಚಿಕೊಂಡ. ಈಗ ತೆರೆಯುತ್ತಾಳೆ, ಈಗ ಕೂಗುತ್ತಾಳೆ, ಈಗ ಮುಗಿಯಿತು.

ಕೊರ್ರಿ ಇಳಿದು ಬಂದಳು. ಕೈಯಲ್ಲಿ ತಟ್ಟೆ ಇರಲಿಲ್ಲ. ಮುಖ ಅರಳಿತ್ತು.

“ಮಾತಾಡಿದಳು!”

ಗೆರ್ಬೆನ್ ಕಣ್ಣು ತೆರೆದ.

“ಏನಂದ್ಳು?” ಫ್ರೌಕ್ಯೆಗೆ ಕುತೂಹಲ.

“ಕೇಕ್ ಬಾಗಿಲ ಹತ್ರ ಇಡಿ ಅಂದ್ಳು. ರುಚಿಯಾಗಿದ್ರೆ ಇನ್ನೊಂದು ತುಂಡು ಬೇಕಂತೆ. ಏನು ಮೆದು ದನಿ ಪಾಪ, ಗುಬ್ಬಚ್ಚಿ ಥರ.”

‘ನೀವು ಸುಳ್ಳು ಹೇಳ್ತಿದೀರಿ, ಮೇಲೆ ಯಾರೂ ಇಲ್ಲ’ ಎನ್ನಬೇಕೆಂದರೆ ಮೊದಲು ಸುಳ್ಳು ಹೇಳಿದವನು ಯಾರೆಂದು ಬಯಲಾಗುತ್ತದೆ. ಗೆರ್ಬೆನ್ ಬಲವಂತದ ನಗೆ ನಕ್ಕ. “ಸಂತೋಷ ಆಯ್ತು,” ಎಂದ.

“ಇನ್ನೂ ಒಂದು ಮಾತು ಹೇಳಿದಾಳೆ,” ಕೊರ್ರಿ ಕೂತಳು, ಸ್ಕರ್ಟು ಸರಿಮಾಡಿಕೊಂಡಳು. “ಬಂದೋರಿಗೆ ಒಂದೆರಡು ಮಾತು ಹೇಳ್ಬೇಕು ಅಂತ ಅವಳಿಗೆ ತುಂಬಾ ಆಸೆಯಂತೆ. ಆದ್ರೆ ಧೈರ್ಯ ಇಲ್ಲ. ಇಬ್ಬರ ಪರವಾಗಿ ಗೆರ್ಬೆನ್ನೇ ಎದ್ದು ನಿಂತು ಮಾತಾಡ್ಲಿ ಅಂದ್ಳು. ಗಟ್ಟಿಯಾಗಿ, ಮೇಲಕ್ಕೆ ಕೇಳಿಸೋ ಹಾಗೆ.”

“ಭಾಷಣ!” ಎಂದು ಎಲ್ಲರೂ ಪಿಸುಗುಟ್ಟಿದರು.

ಗೆರ್ಬೆನ್ ಎದ್ದು ನಿಂತನೋ ಯಾರಾದರೂ ಎತ್ತಿ ನಿಲ್ಲಿಸಿದರೋ ಅವನಿಗೇ ತಿಳಿಯಲಿಲ್ಲ. ಬೌಕೆಯ ಮುಖ ನೋಡಿದ. ಆಶ್ಚರ್ಯವೆಂದರೆ, ಆ ಧೈರ್ಯವಂತನ ಕಣ್ಣಲ್ಲಿ ಕನಿಕರವಿತ್ತು.

“ನೆರೆಯವರೇ,” ಎಂದ ಗೆರ್ಬೆನ್. ದನಿ ಒಡೆಯಿತು. “ನನ್ನ... ನಮ್ಮ... ಟಿನೇಕೆಗೆ ಜನ ಅಂದ್ರೆ...”

ಹಿತ್ತಿಲ ಬಾಗಿಲು ಧಡ್ ಎಂದಿತು. ರಬ್ಬರ್ ಬೂಟಿನ ಸದ್ದು, ಮೀನಿನ ವಾಸನೆ, ಆಮೇಲೆ ಬಾಗಿಲಲ್ಲಿ ಸ್ವತಃ ಟಿನೇಕೆ. ಕೈಯಲ್ಲಿ ಖಾಲಿ ಬಕೆಟ್, ಏಪ್ರನ್ನಿನ ಮೇಲೆ ಮೀನಿನ ಹುರುಪೆಗಳ ಮಿನುಗು. ಐದಕ್ಕೆ ಬರಬೇಕಾದವಳು ಮೂರೂವರೆಗೇ ಬಂದು ನಿಂತಿದ್ದಳು.

ಮಹಡಿಯ ಮೇಲೆ ತಲೆನೋವಿನಿಂದ ಮಲಗಿದ್ದು ಈಗಷ್ಟೇ ಕೇಕ್ ಕೇಳಿದ್ದ ಹೆಂಗಸು ಹಿತ್ತಿಲಿಂದ ಬೂಟು ಹಾಕಿಕೊಂಡು ಬಂದಿದ್ದಳು. ಗೆರ್ಬೆನ್ ಗೋಡೆ ಹಿಡಿದುಕೊಂಡ. ಇನ್ನು ಅವಳು ಬಾಯಿ ತೆರೆದರೆ ಸಾಕು.

ಟಿನೇಕೆ ಕುರ್ಚಿಗಳ ಸುತ್ತ ಒಮ್ಮೆ ಕಣ್ಣಾಡಿಸಿದಳು. ಗಂಡನನ್ನು ನೋಡಿದಳು, ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಬಕೆಟ್ ಕೆಳಗೆ ಬಿತ್ತು.

“ಅಯ್ಯೋ... ಜನ!” ಎಂದಳು. ಗುಬ್ಬಚ್ಚಿಯ ದನಿ. ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಓಡಿದಳು. ಮೇಲೆ ಬಾಗಿಲು ಮುಚ್ಚಿತು.

“ನಮ್ಮ ಸದ್ದಿಗೆ ಹೆದರಿ ಕಿಟಕಿಯಿಂದ ಇಳಿದುಬಿಟ್ಟಿದ್ಳೇನೋ ಪಾಪ,” ಎಂದಳು ಫ್ರೌಕ್ಯೆ ಗಂಭೀರವಾಗಿ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಕುರ್ಚಿಗಳು ಮಡಚಿಕೊಂಡವು. ಗೆರ್ಬೆನ್‌ನ ಭುಜ ತಟ್ಟಿ ಒಬ್ಬೊಬ್ಬರಾಗಿ ಹೊರಟರು. ಕೊನೆಗೆ ಬೌಕೆ ಏನೋ ಹೇಳಲು ನಿಂತ. ಕೊರ್ರಿ ತೋಳು ಹಿಡಿದು ಎಳೆದುಕೊಂಡು ಹೋದಳು.

ಗೆರ್ಬೆನ್ ಮೆಟ್ಟಿಲ ಬುಡದಲ್ಲಿ ಕುಸಿದು ಕೂತ. ಟಿನೇಕೆ ಕೇಕ್ ತಿನ್ನುತ್ತ ಇಳಿದು ಬಂದು ಅವನ ಪಕ್ಕದಲ್ಲಿ ಕೂತಳು.

“ರುಚಿಯಾಗಿದೆ. ಇನ್ನೊಂದು ತುಂಡು ಇದೆಯೇನೋ?”

“ನಿನಗೆ... ಗೊತ್ತಿತ್ತಾ?”

“ಕೊರ್ರಿ ವಾರವಾರ ಕಾಂಪೆನ್‌ಗೆ ಬಂದು ನನ್ನ ಹತ್ರಾನೇ ಹೆರಿಂಗ್ ತಗೊಳ್ತಾಳೆ ಕಣೋ. ಮೊದಲನೇ ಸಲ ಬಂದಾಗ್ಲೇ ಕೇಳಿದ್ಳು, ‘ನೀನೇನಾ ಜನ ಅಂದ್ರೆ ಹೆದರೋ ಟಿನೇಕೆ?’ ಅಂತ. ನಕ್ಕೂ ನಕ್ಕೂ ನನ್ನ ಕೈಲಿದ್ದ ಮೀನು ಬಿದ್ದುಹೋಯ್ತು. ಇವತ್ತಿನ ಉಪಾಯ ಎಲ್ಲಾ ಅವಳದ್ದೇ. ಬೀದಿಗೆಲ್ಲ ಗೊತ್ತು.”

“ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?”

ಟಿನೇಕೆ ತಟ್ಟೆ ಪಕ್ಕಕ್ಕಿಟ್ಟಳು. ನಗು ಇಳಿದಿತ್ತು. “ನೀನೇ ಹೇಳ್ತೀಯ ಅಂತ ಕಾದೆ. ಬೇರೆ ಯಾರಿಗೂ ಬೇಡ, ನನ್ನ ಹತ್ರ ಹೇಳಿದ್ರೆ ಸಾಕಿತ್ತು. ಈಗಾದ್ರೂ ಹೇಳು. ಭಯ ನಿನಗೋ ನನಗೋ?”

ಗೆರ್ಬೆನ್ ಹೇಳಬೇಕಿದ್ದದ್ದು ಇಷ್ಟೇ. ಒಂದೇ ಒಂದು ಪದ, ‘ನನಗೆ’. ಹೆಂಡತಿಯ ಕಣ್ಣು ಮೆತ್ತಗೆ ಅವನನ್ನೇ ನೋಡುತ್ತಿತ್ತು. ಅವನು ನಿಜಕ್ಕೂ ಪ್ರಯತ್ನಪಟ್ಟ. ಆದರೆ ಹೊರಬಿದ್ದದ್ದು ಇದು:

“ಅದು... ಹೆಂಗಸರಲ್ಲೇ ಜಾಸ್ತಿ ಅಂತೆ. ಪೇಪರ್‌ನಲ್ಲಿ ಬಂದಿತ್ತು.”

“ಬಂದಿತ್ತು. ಗಂಡಸರು ಬಾಯಿಬಿಟ್ಟು ಹೇಳ್ಕೊಳ್ಳಲ್ಲ ಅಂತ ಅದರ ಕೆಳಗಡೇನೇ ಬಂದಿತ್ತು. ಅಲ್ಲಿಗಂಟ ನೀನು ಓದಿಲ್ಲ.” ಟಿನೇಕೆ ಎದ್ದು ಏಪ್ರನ್ ಕೊಡವಿದಳು. “ಆಗ್ಲಿ. ಹೆಂಗಸರಲ್ಲೇ ಜಾಸ್ತಿ ಅಂದ್ರೆ ನನಗೇ ಇರ್ಲಿ. ಇವತ್ತಿಂದ ನನಗೆ ಜನ ಅಂದ್ರೆ ಭಯ. ಫೋನ್ ನೀನೇ ತಗೋಬೇಕು. ಅಂಗಡಿಗೆ ನೀನೇ ಹೋಗ್ಬೇಕು. ಬರೋ ಭಾನುವಾರ ನಮ್ಮಕ್ಕನ ಹುಟ್ಟುಹಬ್ಬ, ನಲವತ್ತು ಕುರ್ಚಿ ಹಾಕ್ತಾರೆ. ಇಬ್ಬರ ಪರವಾಗಿ ನೀನೇ ಎಲ್ಲರ ಕೈಕುಲುಕಿ ಬಾ.”

“ಟಿನೇಕೆ, ಹಾಗಲ್ಲ ಕಣೇ...”

ಬಾಗಿಲ ಬೆಲ್ ಹೊಡೆಯಿತು.

“ಅಯ್ಯೋ, ಯಾರೋ ಬಂದ್ರು!” ಟಿನೇಕೆ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು, ಅದರೊಳಗಿನಿಂದ ಸಂತೆಯ ದನಿಯಲ್ಲಿ ಕೂಗಿದಳು, “ಹೋಗಿ ತೆಗಿಯೋ!”

ಗೆರ್ಬೆನ್ ಬಾಗಿಲು ತೆರೆದ. ಹೊರಗೆ ಬೌಕೆ. ಕೈಯಲ್ಲಿ ಬೀದಿಹಬ್ಬದ ಧ್ವನಿವರ್ಧಕ. ಅದನ್ನು ಎರಡೂ ಕೈಯಿಂದ, ಮಗುವನ್ನು ಒಪ್ಪಿಸುವವನ ಹಾಗೆ ಗೆರ್ಬೆನ್‌ಗೆ ಒಪ್ಪಿಸಿದ.

“ಈ ವರ್ಷದಿಂದ ಭಾಷಣ ನೀನೇ ಮಾಡ್ಬೇಕಂತೆ,” ಎಂದ. ಅವನ ಹಣೆಯ ತುಂಬ ಬೆವರು. ಬೆಲ್ ಒತ್ತಿದ ಬೆರಳು ಇನ್ನೂ ನಡುಗುತ್ತಿತ್ತು. ಗೆರ್ಬೆನ್ ಆ ಬೆರಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಬೀದಿಯ ಆಚೆ ಬದಿಯಲ್ಲಿ ಕೊರ್ರಿ, ಹಾರ್ನ್ ಹೊಡೆಯದೆ ಹೋದ ಕಾರೊಂದನ್ನು ನಿಲ್ಲಿಸಿ ಚಾಲಕನಿಗೆ ಜೋರಾಗಿ ಬೈಯುತ್ತಿದ್ದಳು. ಬೌಕೆ ಒಮ್ಮೆ ಅತ್ತ ತಿರುಗಿ ನೋಡಿ, ನಿಟ್ಟುಸಿರು ಬಿಟ್ಟು, ಗೆರ್ಬೆನ್‌ನ ಕಿವಿಯ ಬಳಿ ಬಾಗಿದ.

“ಹನ್ನೆರಡು ವರ್ಷದ ಹಿಂದೆ, ಕೊರ್ರಿಗೆ ಜನ ಅಂದ್ರೆ ಭಯ ಅಂತ ನಾನೂ ಹೇಳಿದ್ದೆ ಕಣಯ್ಯಾ.”