ಕಂದು ಗಸಿಯನ್ನು ಹಸಿರೆನ್ನದ ಹುಡುಗಿಯ ವಿಷಯವಾಗಿ

ಲಿಂಥಿಪೆ ವಿದ್ಯಾರ್ಥಿವೇತನ ಪರೀಕ್ಷಾ ಸಮಿತಿಯ ಅಧ್ಯಕ್ಷರಾದ ಶ್ರೀ ಮ್ಸೊಸಾ ಅವರಿಗೆ, ದೆಡ್ಜಾದ ರಸಾಯನಶಾಸ್ತ್ರದ ಮೇಷ್ಟ್ರು ಲುಫೆಯೊ ಕಬಾಂಬೆ ನಮ್ಮ ನಾಡಿನ ಪದ್ಧತಿಯಂತೆ ಮೊಣಕಾಲೂರಿ, ಎರಡೂ ಕೈ ತಟ್ಟಿ ಸಲ್ಲಿಸುವ ವಂದನೆಗಳು.

ಮಾನ್ಯರೇ,

ತಾವು ದಯಪಾಲಿಸಿದ ಸೀಸೆಯಲ್ಲಿ ಕಬ್ಬಿಣದ ಯಾವ ಕ್ಲೋರೈಡ್ ಇದೆಯೆಂದು ಕಂಡುಹಿಡಿದು, ಅದರ ಹೆಸರನ್ನೂ ಸೂತ್ರವನ್ನೂ ಬರೆಯುವುದು ಪರೀಕ್ಷೆಯಾಗಿತ್ತು. ನನ್ನ ವಿದ್ಯಾರ್ಥಿನಿ ತಕೊಂದ್ವಾ ನ್ಖೋಮಾ ಅದಕ್ಕೆ ಕಾಸ್ಟಿಕ್ ಸೋಡಾ ಹನಿಸಿದಳು. ಇಟ್ಟಿಗೆ ಬಣ್ಣದ ಗಸಿ ಕೂತಿತು. ಕಬ್ಬಿಣ ಎರಡು ಕೈ ಚಾಚಿದ್ದರೆ ಗಸಿ ಹಸಿರು, ಮೂರು ಚಾಚಿದ್ದರೆ ಕಂದು, ಕೈಗೊಂದು ಕ್ಲೋರಿನ್ ಎಂದು ನಾನೇ ಕಲಿಸಿದ್ದೆ. ಅವಳು ‘ಕಬ್ಬಿಣ(III) ಕ್ಲೋರೈಡ್, FeCl₃’ ಎಂದು ಬರೆದಳು.

ತಮ್ಮ ಮೇಲ್ವಿಚಾರಕರು ಕರುಣಾಳುಗಳು. ಅವಳ ಹಿಂದೆ ಬಂದು ನಿಂತು, “ಹಸಿರು ಅಂತ ಬರಿಯಮ್ಮಾ, ಎಲ್ರೂ ಹಂಗೇ ಬರ್ದಿದಾರೆ. ಸೀಸೆ ಚೀಟೀಲೂ FeCl₂ ಅಂತ್ಲೇ ಇದೆ” ಎಂದರಂತೆ.

“ನಂಗೆ ಕಂದು ಕಾಣ್ತಿದೆ, ಸರ್” ಎಂದಳಂತೆ ಇವಳು.

ಸೊನ್ನೆ ಬಂತು. ಎರಡೇ ಅಂಕಗಳಿಂದ ವಿದ್ಯಾರ್ಥಿವೇತನ ತಪ್ಪಿತು. ಅವಳ ತಾಯಿ ಹೆದ್ದಾರಿಯ ಬದಿಯಲ್ಲಿ ಆಲೂಗಡ್ಡೆ ಮಾರುವವರು. ಮರುದಿನ ಮಗಳಿಗೂ ಒಂದು ಬುಟ್ಟಿ ಕೊಟ್ಟರು.

ನಾನು ಅದೇ ಸೀಸೆ ಹಿಡಿದು ತಮ್ಮ ಕಚೇರಿಗೆ ಬಂದೆ. ವರ್ಷಗಟ್ಟಲೆ ಮುಚ್ಚಳ ಸಡಿಲವಾಗಿದ್ದ ಸೀಸೆಯೊಳಗೆ ಗಾಳಿ ಹೊಕ್ಕು ಎರಡನ್ನು ಮೂರು ಮಾಡಿದೆಯೆಂದು ತಮ್ಮ ಮೇಜಿನ ಮೇಲೆಯೇ ಹನಿಸಿ ತೋರಿಸಿದೆ. ಕಂದು ಗಸಿಯನ್ನು ತಾವು ಬಹಳ ಹೊತ್ತು ನೋಡಿ, “ಗಸಿ ಏನಾದ್ರೂ ಆಗ್ಲಿ ಮೇಷ್ಟ್ರೇ, ನಮಗೆ ಚೀಟಿ ಮುಖ್ಯ” ಎಂದಿರಿ. ಇಂಥ ದೃಢಚಿತ್ತ ಕಬ್ಬಿಣಕ್ಕೂ ಇಲ್ಲ. ಅದು ಗಾಳಿಗಾದರೂ ಬದಲಾಗುತ್ತದೆ.

ಆಮೇಲೆ ತಾವು ಔದಾರ್ಯ ತೋರಿದಿರಿ. ‘ನನ್ನ ಉತ್ತರ ತಪ್ಪಾಗಿತ್ತು’ ಎಂಬ ಕಾಗದಕ್ಕೆ ಅವಳು ಸಹಿ ಹಾಕಿದರೆ ವಿದ್ಯಾರ್ಥಿವೇತನ ಕೊಡುವುದಾಗಿ ಹೇಳಿ ಕಳಿಸಿದಿರಿ. ನಾಚಿಕೆಯ ಮಾತು, ನಾನೂ ಅವಳಿಗೆ “ಹಾಕ್ಬಿಡು ಮಗಳೇ, ಯಾರಿಗೆ ಗೊತ್ತಾಗುತ್ತೆ” ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಮೂರು ದಿನ ತರಗತಿಯಲ್ಲಿ ತಲೆಯೆತ್ತಲಿಲ್ಲ. ಸಹಿಯ ಜಾಗದಲ್ಲಿ ಅವಳು FeCl₃ ಎಂದು ಬರೆದು ಕಾಗದ ಮಡಚಿ ಕೊಟ್ಟಳು.

ಆದ್ದರಿಂದ, ಇನ್ನು ಮುಂದೆ ತಮ್ಮ ಅನುಮತಿಯಿಲ್ಲದೆ ಯಾವ ಸೀಸೆಯನ್ನೂ ಹೊಗಕೂಡದೆಂದು ಗಾಳಿಗೂ, ಹಸಿರಾಗಿಯೇ ತುಕ್ಕು ಹಿಡಿಯತಕ್ಕದ್ದೆಂದು ಜಿಲ್ಲೆಯ ಸಮಸ್ತ ತಗಡಿನ ಮಾಡುಗಳಿಗೂ ಸುತ್ತೋಲೆ ಹೊರಡಿಸಬೇಕಾಗಿ ಪ್ರಾರ್ಥಿಸುತ್ತೇನೆ.

ತಮ್ಮ ಚೀಟಿಗೆ ಸದಾ ತಲೆಬಾಗುವ
ತಮ್ಮ ವಿಶ್ವಾಸಿ,
ಲುಫೆಯೊ ಕಬಾಂಬೆ

ಮರೆತ ಮಾತು: ಸಹಿ ಓದಲಾಗುತ್ತಿಲ್ಲವೆಂದು ಆ ಕಾಗದವನ್ನು ತಾವು ವಾಪಸು ಕಳಿಸಿದ್ದೀರಿ. ತಕೊಂದ್ವಾ ಈಗ ಶನಿವಾರದ ಮಧ್ಯಾಹ್ನ ಚಿಕ್ಕ ತರಗತಿಯವರಿಗೆ ಸೂತ್ರ ಓದಲು ಕಲಿಸುತ್ತಾಳೆ. ಮುಂದಿನ ಬೆಂಚಿನಲ್ಲಿ ಒಂದು ಜಾಗ ಖಾಲಿಯಿದೆ.