ಪುಟ್ಟಸಿದ್ದಯ್ಯನ ಅಂಟುರೋಗ

ಹಾಸ್ಟೆಲಿನಲ್ಲಿ ಹನ್ನೊಂದು ವರ್ಷ ಮುದ್ದೆ ತಿರುವಿದ ಮೇಲೆ ಪುಟ್ಟಸಿದ್ದಯ್ಯನಿಗೆ ಅಂಟುರೋಗವಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಒಂದು ಚೀಟಿ ಬೇಕಾಯಿತು. ಸಂಜೆ ನಾಲ್ಕರೊಳಗೆ ತಂದರೆ ಅಡುಗೆ ಕೆಲಸ ಕಾಯಂ. ತರದಿದ್ದರೆ ಪಟ್ಟಿಯಲ್ಲಿ ಬೇರೆಯವರ ಹೆಸರು. ವಾರ್ಡನ್ನರು ಹಾಗೆಂದು ಹೇಳಿಯೇ ಕಳಿಸಿದ್ದರು.

ಮೊದಲ ಬಸ್ಸಿಗೆ ಹನೂರು ದಾಟಿ ಕೊಳ್ಳೇಗಾಲಕ್ಕೆ ಬಂದ. ಆಸ್ಪತ್ರೆಯಲ್ಲಿ ಅಂದು ನರ್ಸಿಂಗ್ ಓದುವ ಹುಡುಗಿಯರಿಗೆ ಪರೀಕ್ಷೆ. ಅಂಟುರೋಗದವರನ್ನು ನೋಡಿಕೊಳ್ಳುವುದು ಹೇಗೆಂದು ಮಾಡಿ ತೋರಿಸಬೇಕು. ಗೊತ್ತುಮಾಡಿದ್ದ ರೋಗಿ ಹಿಂದಿನ ದಿನವೇ ವಾಸಿಯಾಗಿ ಮನೆಗೆ ಹೋಗಿದ್ದ.

ಡಾಕ್ಟರು ಪುಟ್ಟಸಿದ್ದಯ್ಯನ ಎದೆ, ನಾಲಗೆ, ಉಗುರು ಎಲ್ಲ ನೋಡಿದರು. "ನಿನಗೇನೂ ಇಲ್ಲ ಕಣಯ್ಯ. ಒಂದು ಗಂಟೆ ಆ ಮಂಚದ ಮೇಲೆ ಮಲಗು, ಆಮೇಲೆ ಸೈನ್ ಹಾಕ್ತೀನಿ. ಮಾತಾಡಬೇಡ. ನೀನು ಬಾಯಿ ಬಿಟ್ಟರೆ ಹುಡುಗೀರು ನಗ್ತಾರೆ, ನಕ್ಕರೆ ಮಾರ್ಕ್ಸ್ ಹೋಗುತ್ತೆ."

ಪುಟ್ಟಸಿದ್ದಯ್ಯ ರಾಗಿ ಮೂಟೆಯ ಹಾಗೆ ಮಲಗಿದ. ತಲೆಯ ಮೇಲೆ 'ಅಂಟುರೋಗ, ದೂರವಿರಿ' ಎಂಬ ಬೋರ್ಡು ನೇತುಹಾಕಿದರು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ರೂಪ ಎಂಬ ಹುಡುಗಿ ಮೊದಲು ಬಂದಳು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಡಾಕ್ಟರ ಕಡೆ ತಿರುಗಿ ಒಪ್ಪಿಸಿದಳು.

"ರೋಗಾಣು ಒಂದು ಮೈಯಲ್ಲಿ ಮನೆ ಮಾಡ್ಕಂಡಿರ್ತದೆ ಸಾರ್. ಕೆಮ್ಮಲ್ಲೋ ಕೀವಲ್ಲೋ ಆಚೆಗೆ ಬರ್ತದೆ. ಕೈಯೋ, ನೊಣವೋ, ನೀರೋ ಅದನ್ನ ಹೊತ್ಕಂಡು ಹೋಗಿ ಇನ್ನೊಂದು ಮೈಗೆ ಸೇರಿಸ್ತದೆ. ನಡುವೆ ಎಲ್ಲಾದರೂ ದಾರಿ ಕಡಿದ್ರೆ ನಿಂತೋಯ್ತದೆ. ಎಲ್ಲಕ್ಕಿಂತ ಸುಲಭ ಕೈ ತೊಳೆಯೋದು."

ಏಳು ಹುಡುಗಿಯರು ಏಳು ಸಲ ಇದನ್ನೇ ಹೇಳಿದರು. ಮೂರನೆಯ ಸಲಕ್ಕೆ ಪುಟ್ಟಸಿದ್ದಯ್ಯನಿಗೆ ಬಾಯಿಪಾಠವಾಯಿತು. ಐದನೆಯವಳು ನೊಣವನ್ನು ಮರೆತಾಗ ಅವನ ತುಟಿ ಅಲ್ಲಾಡಿತು.

ಆ ಹೊತ್ತಿಗೆ ಸರಿಯಾಗಿ ಹಲ್ಲು ಕೀಳಿಸಲು ಬಂದಿದ್ದ ಪಕ್ಕದ ಮನೆಯ ಕೆಂಪನಂಜಪ್ಪ, ದವಡೆಗೆ ಹತ್ತಿ ಒತ್ತಿಕೊಂಡು ಬಾಗಿಲಲ್ಲಿ ನಿಂತ.

"ಲೇ ಪುಟ್ಟಸಿದ್ದ, ಏನ್ಲಾ ಇದು?"

ಮಾತಾಡುವಂತಿರಲಿಲ್ಲ. ಪುಟ್ಟಸಿದ್ದಯ್ಯ ಡಾಕ್ಟರ ಕಡೆಗೆ ಕಣ್ಣು ಹೊರಳಿಸಿದ.

"ಮಾತು ಬಿದ್ದೋಗದೆ. ಕಣ್ಣೂ ಮ್ಯಾಕ್ ಸಿಕ್ಕಂಡವೆ," ಎಂದ ಕೆಂಪನಂಜಪ್ಪ, ಬೋರ್ಡು ಓದಿ, ಮಧ್ಯಾಹ್ನದ ಬಸ್ಸು ಹಿಡಿದ.

ಚೀಟಿ ಕೈಗೆ ಬಂದಾಗ ಒಂದೂವರೆ. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಪುಟ್ಟಸಿದ್ದಯ್ಯ ಮೂರೂವರೆಗೆ ಹಾಸ್ಟೆಲಿನ ಗೇಟು ಮುಟ್ಟಿದ. ಅಲ್ಲಿ ನಿಂತಿದ್ದ ಹೆಂಡತಿ ಶಿವರತ್ನಮ್ಮ ಅವನನ್ನು ಕಂಡು ಮೂರು ಹೆಜ್ಜೆ ಹಿಂದೆ ಸರಿದಳು.

"ಅಲ್ಲೇ ನಿಂತ್ಕ. ಎಂಗ್ ಎದ್ದು ಬಂದೆ? ಸಂಜೆಗಂಟ ತಡಿಯಾದೇ ಕಷ್ಟ ಅಂದ್ರು ಕೆಂಪನಂಜಪ್ಪಾರು."

"ನಂಗೇನಾಗದೆ? ವಾರ್ಡನ್ ಸಾಹೇಬ್ರು ಎಲ್ಲಿ?"

"ಒಳ್ಗವ್ರೆ. ಕೆಲ್ಸ ಮನೆ ಬುಟ್ಟು ಓಗ್ಬಾರ್ದು ಅಂತ ಅವ್ರ ಕಾಲ್ ಇಡ್ಕಂಡು ನನ್ ತಮ್ಮನ್ ಎಸ್ರು ಬರ್ಸಿವ್ನಿ."

ಒಳಗೆ ಬಾಮೈದ ಚಿಕ್ಕಮಾದಪ್ಪ ಆಗಲೇ ಮುದ್ದೆ ಕಟ್ಟುತ್ತಿದ್ದ. ಎರಡು ಮುದ್ದೆಗೊಮ್ಮೆ ಬೆರಳ ಸಂದು ಕೆರೆದುಕೊಳ್ಳುತ್ತಿದ್ದ. ಸಂದಿನ ತುಂಬಾ ಕಜ್ಜಿ.

ವಾರ್ಡನ್ನರು ಚೀಟಿಯನ್ನು ಎರಡು ಸಲ ಓದಿದರು. "ಚೀಟಿ ಸರಿಯಾಗೇ ಇದೆ. ಪಟ್ಟಿಯೂ ಇನ್ನೂ ಹೋಗಿಲ್ಲ."

"ಅವ್ನತ್ರ ಚೀಟಿ ಕೇಳ್ನಿಲ್ವಾ ಸಾ?"

"ಅವನು ಹುಟ್ಟಿದಾಗಿನಿಂದ ಆಸ್ಪತ್ರೆ ಮೆಟ್ಟಿಲೇ ಹತ್ತಿಲ್ಲವಂತೆ. ರೋಗ ಎಲ್ಲಿಂದ ಬರುತ್ತೆ?"

ಕೆಲಸ ಇನ್ನೂ ಕೈತಪ್ಪಿಲ್ಲವೆಂದು ಪುಟ್ಟಸಿದ್ದಯ್ಯನಿಗೆ ಧೈರ್ಯ ಬಂತು. "ಅವ್ನ ಬೆರ್ಳು ನೋಡಿ ಸಾ. ರೋಗಾಣು ಒಂದು ಮೈಯಲ್ಲಿ ಮನೆ ಮಾಡ್ಕಂಡಿರ್ತದೆ. ಕೆಮ್ಮಲ್ಲೋ ಕೀವಲ್ಲೋ ಆಚ್ಗ್ ಬರ್ತದೆ. ಕೈಯೋ, ನೊಣವೋ, ನೀರೋ ಒತ್ಕಂಡೋಗಿ ಇನ್ನೊಂದು ಮೈಗ್ ಸೇರುಸ್ತದೆ. ನಡ್ವೆ ಎಲ್ಲಾರ ದಾರಿ ಕಡುದ್ರೆ ನಿಂತೋಯ್ತದೆ. ಎಲ್ಲಕ್ಕಿಂತ ಸುಲ್ಬ ಕೈ ತೊಳ್ಯಾದು," ಎಂದು ಒಂದೂ ಬಿಡದೆ ಒಪ್ಪಿಸಿದ.

ವಾರ್ಡನ್ನರು ಚೀಟಿಯನ್ನು ಮೆಲ್ಲಗೆ ಮೇಜಿನ ಮೇಲೆ ಬಿಟ್ಟು, ಪೆನ್ನಿನ ತುದಿಯಿಂದ ದೂರ ತಳ್ಳಿದರು.

"ಮೂರನೇ ಕ್ಲಾಸು ಓದಿದವನು ನೀನು. ಇಷ್ಟೆಲ್ಲ ಗೊತ್ತಿರಬೇಕಾದರೆ ರೋಗ ನಿನ್ನಲ್ಲಿ ಎಷ್ಟು ದಿನ ಇತ್ತೋ ಏನೋ. ಚಿಕ್ಕಮಾದಪ್ಪ, ಈ ಚೀಟಿ ತಗೊಂಡು ಒಲೆಗೆ ಹಾಕು. ಹಾಕಿದ ಮೇಲೆ ಕೈ ತೊಳೆದುಕೊ."

ಚಿಕ್ಕಮಾದಪ್ಪ ಚೀಟಿಯನ್ನು ಒಲೆಗೆ ಹಾಕಿದ. ಕೈಯನ್ನು ಪಂಚೆಗೆ ಒರಸಿಕೊಂಡು ಮುಂದಿನ ಮುದ್ದೆ ಕಟ್ಟತೊಡಗಿದ.